ಸೂತಕದ ಮನೆಗೆ ಕೈ ಹಾಕಿದವರು

ಕುಂಜತ್ತೂರು
೨೧ ಜನವರಿ ೨೦೨೫, ಮಂಗಳವಾರ

ನನ್ನ ಚಿನ್ನದಂಥ ನಮಿತಾ,

ಕಾಗದ ಕೈಗೆ ಬಂತೆಂದು ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಹುಷಾರಾಗಿದ್ದೇವೆ. ಶಾರ್ಜಾದಲ್ಲಿ ಈಗ ಚಳಿಯೆಂದು ಯಶ್ಮಿತಾ ಹೇಳಿದಳು. ಡ್ಯೂಟಿಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ರಜೆ ಮುಗಿಸಿ ಹೊರಟಿರುವ ಅವಳ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ, ಹಲಸಿನ ಹಪ್ಪಳದ ಕಟ್ಟಿನ ನಡುವೆ ಇಟ್ಟು. ವಾಟ್ಸಾಪಿನಲ್ಲಿ ಬರೆಯಬಹುದಿತ್ತು. ಆದರೆ ನನ್ನ ಫೋನು ಕೆಟ್ಟಾಗಲೆಲ್ಲ ಸರಿ ಮಾಡಿಕೊಡುವವನು ಪ್ರವೀತ್, ಮತ್ತು ಈ ಕಾಗದ ಪೂರಾ ಅವನದೇ ವಿಷಯ. ನನ್ನ ಒಡಹುಟ್ಟಿದ ತಮ್ಮನ ಮಗ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಓದಿದ ಮೇಲೆ ಹರಿದು ಹಾಕು.

ನಿನ್ನ ಅಮ್ಮ, ನನ್ನ ತಂಗಿ ಕಮಲಳ ಬೊಜ್ಜದ ದಿನ, ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೋದ ಮೇಲೆ, ನೀನು ಫೋನು ತೆರೆದು ನೋಡಿ ಅಡುಗೆ ಕೋಣೆಯ ಮೂಲೆಯಲ್ಲಿ ಬಾಯಿಗೆ ಶಾಲು ತುರುಕಿಕೊಂಡು ಅತ್ತೆ. ಅಮ್ಮನಿಗಾಗಿ ಅಳುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು. ಏನಾಯಿತೆಂದು ನೀನು ಹೇಳಿದ್ದು ನನಗೊಬ್ಬಳಿಗೆ.

ನೀವೆಲ್ಲ ಫೋನಿನಲ್ಲಿ ಸೇರಿ ಆಡುವ ಆ ಆಟದ ಮೇಲೆ ನನಗೆ ಮೊದಲು ಒಳ್ಳೆಯ ಅಭಿಪ್ರಾಯ ಇರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಮಲ ಹಾಸಿಗೆ ಹಿಡಿದ ಮೇಲೆ, ಅಲ್ಲಿಂದ ನೀನು, ಇಲ್ಲಿಂದ ಅವಳು, ಇಬ್ಬರೂ ಆಟದೊಳಗೆ ಕಟ್ಟಿದ ಆ ಗುಡ್ಡದ ಮನೆಯಲ್ಲಿ ಸೇರುತ್ತಿದ್ದಿರಲ್ಲ, ಆಗ ನನ್ನ ಬಾಯಿ ಕಟ್ಟಿತು. ಕಾಲು ನೆಲಕ್ಕೆ ಊರಲಾಗದವಳು ಅಲ್ಲಿ ಓಡಾಡುತ್ತಿದ್ದಳು. ನಾನು ಗಂಜಿ ತಂದು ನಿಂತರೆ, "ಅಕ್ಕ, ಒಂಚೂರು ನಿಲ್ಲು, ಚೀನಿಕಾಯಿ ಬಳ್ಳಿಗೆ ನೀರು ಹಾಕಿ ಬರ್ತೇನೆ" ಅನ್ನುವಳು. ಗಂಜಿ ತಣಿಯುತ್ತಿತ್ತು. ಅವಳ ಮುಖ ಮಾತ್ರ ಹುಡುಗಿಯ ಮುಖದ ಹಾಗೆ ಆಗುತ್ತಿತ್ತು.

ಆಟ ಬಿಟ್ಟು ಫೋನು ಮುಚ್ಚಿದರೂ ಆಟದಲ್ಲಿ ನಾವು ಆಡಿಸುವ ಆಳು ಅಲ್ಲೇ ಮಲಗಿ ನಿದ್ದೆ ಮಾಡುತ್ತಿರುತ್ತದೆ ಎಂದು ನೀನೇ ಹೇಳಿದ್ದು. ಕೊನೆಯ ಸಲ ಆಸ್ಪತ್ರೆಗೆ ಹೋಗುವ ಮೊದಲು ಕಮಲ ತನ್ನ ಆಳನ್ನು ಬಳ್ಳಿಯ ಹತ್ತಿರ ಮಲಗಿಸಿದ್ದಳು. ಅವಳು ತೀರಿಕೊಂಡ ಮೇಲೂ ಆಟದೊಳಗೆ ಮಲಗಿಯೇ ಇದ್ದಳು. ನೀನು ದಿನಾ ಹೋಗಿ ಪಕ್ಕದಲ್ಲಿ ಕುಳಿತು ಬರುತ್ತಿದ್ದೆ. ಅಷ್ಟನ್ನೂ ಉಳಿಸಲಿಲ್ಲ. ಬೊಜ್ಜದ ದಿನ ನೀನು ತಲೆ ತಗ್ಗಿಸಿ ಎಲೆ ಮುಂದೆ ಕುಳಿತಿದ್ದಾಗ, ಬಡಿಸಬೇಕಾಗಿದ್ದ ಪ್ರವೀತನೂ ಅವನ ಗೆಳೆಯ ಭವಿತನೂ ಹಟ್ಟಿಯ ಹಿಂದೆ ಫೋನು ಹಿಡಿದು ನಿಂತು ಆ ಮನೆ ಒಡೆದರು, ತೋಟಕ್ಕೆ ಬೆಂಕಿ ಕೊಟ್ಟರು, ಮಲಗಿದ್ದವಳನ್ನು ಕಡಿದರು.

ಒಬ್ಬರ ಮನೆಯನ್ನು ಇನ್ನೊಬ್ಬರು ದೋಚುವುದು ಆ ಆಟದಲ್ಲಿ ಇದ್ದದ್ದೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸಾವಾದವರ ಮನೆಗೆ ಬೊಜ್ಜದ ದಿನವೂ ಮುಗಿದು ಸೂತಕ ಕಳೆಯುವವರೆಗೆ ಕೈ ಹಾಕಬಾರದು ಎಂದು ನಮ್ಮ ಕಡೆಯ ಮಕ್ಕಳೆಲ್ಲ ಸೇರಿ ಮಾತು ಮಾಡಿಕೊಂಡಿದ್ದಿರಿ. ಭವಿತನ ಅಜ್ಜ ತೀರಿದಾಗ ನೀನು ನಿದ್ದೆಗೆಟ್ಟು ಅವನ ಕೋಟೆಗೆ ಕಾವಲು ನಿಂತದ್ದು ನನಗೆ ನೆನಪುಂಟು.

ನೀನು ವಿಮಾನ ಹತ್ತಿದ ಮೇಲೆ ಇಬ್ಬರೂ ಬಾಡಿಗೆಯ ಪಾತ್ರೆ ಒಯ್ಯಲು ಬಂದರು. ನಾನು ಕೇಳಿದೆ, "ಎಂತದಾ ಪ್ರವೀತ್, ಸೂತಕದ ಮನೆಗೆ ಕೈ ಹಾಕ್ಲಿಕ್ಕೆ ಇಲ್ಲ ಅಂತ ನೀವೇ ಮಾತಾಡಿಕೊಂಡದ್ದಲ್ವಾ?" ಅವನು ನಕ್ಕ. "ಅಯ್ಯೋ ಅತ್ತೇ, ಆ ಗುಡ್ಡೆಯಲ್ಲಿ ಕಬ್ಬಿಣ ಉಂಟು ಮಾರಾಯ್ರೆ! ಅಲ್ಲಿಯ ಪಂಚಾತಿಕೆ ಇಲ್ಲಿ ಬೇಡ. ಕೇಳ್ಲೇಬೇಕೂಂತ ಇದ್ರೆ ಅಲ್ಲಿಗೆ ಬಂದು ಕೇಳಿ" ಎಂದ. ಭವಿತ ಚರಿಗೆ ಎತ್ತಿಕೊಂಡು, "ಅತ್ತೆಗೆ ಫೋನಿನಲ್ಲಿ ಹಸಿರು ಬಟನ್ ಒಂದು ಗೊತ್ತುಂಟು, ಕೆಂಪು ಯಾರಾದ್ರೂ ಒತ್ತಿ ಕೊಡ್ಬೇಕು" ಎಂದು ಸೇರಿಸಿದ. ಇಬ್ಬರೂ ಕೇಕೆ ಹಾಕಿ ನಕ್ಕರು. ನಾನೂ ನಕ್ಕೆ, ಚಹಾ ಕೊಟ್ಟೆ, ಕಳಿಸಿದೆ. ಬಾಗಿಲ ಹತ್ತಿರ ನಿಂತಾಗಲೇ ತೀರ್ಮಾನ ಮಾಡಿಯಾಗಿತ್ತು.

ಬೀಡಿ ಕಟ್ಟುತ್ತಾ ಪೇಪರಿನ ಚೂರು ನೋಡಿ ಅಕ್ಷರ ಕಲಿತವಳು ನಾನು. ಕಲಿಯಲಿಕ್ಕೆ ನನಗೆ ಯಾರೂ ಬೇಡ, ಸಿಟ್ಟೊಂದು ಇದ್ದರೆ ಸಾಕು. ನೀನು ನನಗೆ ಬಿಟ್ಟು ಹೋದ ಕಮಲಳ ಫೋನಿನಲ್ಲೇ ಆಟ ತೆರೆದೆ. ಅವಳ ಹೆಸರು ಮುಟ್ಟಲಿಲ್ಲ. ಹೊಸದಾಗಿ 'ಕುಂಞ' ಎಂದು ಹೆಸರು ಕೊಟ್ಟೆ, ಗಂಡಸಿನ ಆಳು ಮಾಡಿಕೊಂಡೆ.

ಅಯ್ಯೋ ಮಗಳೇ, ಕಣ್ಣು ಬಿಟ್ಟರೆ ಒಂದು ಕಡಲ ತೀರ, ಮೈಮೇಲೆ ಗೇಣಗಲದ ಬಟ್ಟೆ, ಕೈಯಲ್ಲಿ ಒಂದು ಕಲ್ಲು! ನನಗೇ ಸಂಕೋಚವಾಗಿ ಮೊದಲು ಫೋನು ಕವುಚಿಟ್ಟೆ. ಮತ್ತೆ ಮರ, ಕಲ್ಲು ಎಲ್ಲ ಬಿಟ್ಟು ನಾರು ಕೊಯ್ದು ಮೈ ಮುಚ್ಚಲು ಒಂದು ತುಂಡು ನೇಯ್ದೆ, ಅಷ್ಟರಲ್ಲಿ ಹಸಿದು ಸತ್ತೆ. ಎರಡನೆಯ ಸಲ ಮೊದಲು ಹೊಟ್ಟೆ ನೋಡಿಕೊಂಡೆ. ಅಣಬೆ ಹೆಕ್ಕಿದೆ, ಕಲ್ಲಿನಿಂದ ಮರ ಕುಟ್ಟಿ ಕೊಡಲಿ ಮಾಡಿದೆ, ನಾಲ್ಕು ಗೋಡೆ ಎಬ್ಬಿಸಿ ಬಾಗಿಲು ಇಟ್ಟೆ, ಬೀಗವನ್ನೂ ಹಾಕಿದೆ. ಬಹಳ ಹೆಮ್ಮೆಯಾಯಿತು. ಆದರೆ ಅಲ್ಲಿ ಮುಸ್ಸಂಜೆಯಾಯಿತು ನೋಡು, ಒಳಗೆ ದೀಪ ಹಚ್ಚಿದೆ, ಹಚ್ಚಿದ ಕೂಡಲೇ ಎದುರಿನ ಬಾಗಿಲು ತೆರೆದಿಟ್ಟೆ! ದೀಪ ಹಚ್ಚುವ ಹೊತ್ತಿಗೆ ಬಾಗಿಲು ಮುಚ್ಚುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗುಂಟು? ಲಕ್ಷ್ಮಿ ಬರುವ ಬಾಗಿಲಲ್ಲಿ ಈಟಿ ಹಿಡಿದ ಒಬ್ಬ ಬಂದ. ನನ್ನನ್ನು ಚುಚ್ಚಿ, ಕೊಡಲಿ, ಅಣಬೆ, ಕಷ್ಟಪಟ್ಟು ನೇಯ್ದ ಬಟ್ಟೆ, ಎಲ್ಲ ಕಟ್ಟಿಕೊಂಡು ಹೋದ. ಪುನಃ ಕಡಲ ತೀರ, ಪುನಃ ಕಲ್ಲು.

ಹಾಗೆ ಸತ್ತು ಸತ್ತು ಕಲಿತೆ. ಬಯಲಿನಲ್ಲಿ ಓಡಬಾರದು, ಪೊದೆಯ ಅಂಚು ಹಿಡಿದು ಹೋಗಬೇಕು. ಕೈ ಬೀಸಿ ಕರೆಯುವವನ ಹತ್ತಿರ ಹೋಗಬಾರದು. ಮಲಗುವ ಚೀಲ ಹಾಸಿಟ್ಟರೆ ಸತ್ತ ಮೇಲೆ ಕಡಲಿನ ಬದಲು ಅಲ್ಲೇ ಏಳಬಹುದು. ಇದೆಲ್ಲ ಬಂದ ಮೇಲೆ, ಇದ್ದ ಸಾಮಾನೆಲ್ಲ ಒಂದು ಬಂಡೆಯ ಹಿಂದೆ ಎಸೆದು, ಬರಿಗೈಯಲ್ಲಿ ಪ್ರವೀತನ ಕೋಟೆಯ ಗೇಟಿನ ಮುಂದೆ ಹೋಗಿ ನಿಂತೆ. 'ಹೊಸಬ. ಹಸಿವು. ಕೆಲಸ ಕೊಡಿ' ಎಂದು ಬರೆದೆ.

ದೊಡ್ಡ ಕೋಟೆ ಕಟ್ಟಿದವರಿಗೆ ಮರ ಕಡಿಯಲು, ಕಲ್ಲು ಹೊರಲು ಇಂಥ ಹೊಸಬರು ಬೇಕಾಗುತ್ತದೆ. ಅವನು ಗೋಡೆಯ ಮೇಲಿಂದ ನೋಡಿ, "ಯಾರಾ ನೀನು? ಕುಂಞನಾ? ಆಯ್ತು, ಒಳಗೆ ಬಾ. ಕದ್ದರೆ ತಲೆ ಹೋಗ್ತದೆ, ಗೊತ್ತಾಯ್ತಾ?" ಎಂದ. ಅವನ ಸ್ವರ ಕೇಳುತ್ತಿತ್ತು, ನಾನು ಬರೆದೇ ಉತ್ತರ ಕೊಡುತ್ತಿದ್ದೆ. ಹುಟ್ಟಿದಾಗ ನಾನು ಎಣ್ಣೆ ಹಚ್ಚಿ ಮೀಯಿಸಿದ ಹುಡುಗ, "ಏ ಕುಂಞ, ಬೇಗ ಬೇಗ ನಡಿಯಾ, ಗೂಡೆಯಷ್ಟು ಕಲ್ಲಿಗೆ ಇಷ್ಟು ಹೊತ್ತಾ?" ಎಂದು ಬೈಯುತ್ತಿದ್ದ. ನಾನು 'ಆಯ್ತು ಅಣ್ಣ' ಎಂದು ಬರೆಯುತ್ತಿದ್ದೆ. ಮಗಳೇ, ಅಷ್ಟು ಸಿಹಿಯಾದ ಬೈಗಳನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಎಲ್ಲರೂ ಬರುವ ಮೊದಲೇ ಮಾಂಸ ಸುಟ್ಟು ಅವರವರ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಅವನ ಪೆಟ್ಟಿಗೆಯಲ್ಲಿ ಒಂದು ತುಂಡು ಹೆಚ್ಚು. ತಿಂದವನಿಗೆ ನಂಬಿಕೆ ತಾನಾಗಿ ಬಂತು. ಕ್ರಿಸ್ಮಸ್ ಕಳೆಯುವಷ್ಟರಲ್ಲಿ ಎಲ್ಲ ಬಾಗಿಲುಗಳ ಗುಟ್ಟಿನ ಸಂಖ್ಯೆ ನನ್ನ ಕೈಯಲ್ಲಿತ್ತು. ಒಮ್ಮೆ ಕೋಟೆಯ ಕಟ್ಟೆಯ ಮೇಲೆ ಕುಳಿತು ಅವನೇ ಹೊಸಬರಿಗೆಲ್ಲ ಕೊಚ್ಚಿಕೊಂಡ, "ಆ ಗುಡ್ಡೆಯ ಮನೆ ಹಿಡಿದದ್ದು ಕೇಳ್ಬೇಕು ನೀವು. ಒಬ್ಬರು ಆಂಟಿ ತೋಟದಲ್ಲಿ ಆರಾಮ ನಿದ್ದೆ. ಎದ್ದು ಕೂಗ್ಲಿಕ್ಕೂ ಇಲ್ಲ!" ಆಂಟಿ ಅಂತೆ! ಸ್ವಂತ ಅತ್ತೆ! ಇವನಿಗೆ ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಉಪ್ಪಳದ ಡಾಕ್ಟರ ಹತ್ತಿರ ಓಡಿದವಳು! ಅಲ್ಲಿಯವರೆಗೆ ಒಂದು ಗೋಡೆ ಬೀಳಿಸಿ ಬಿಡುವ ಅಂತ ಇದ್ದೆ. ಆ ಮಾತಿನ ಮೇಲೆ ಕಂಬ ಒಂದೂ ಉಳಿಯಬಾರದು ಅನಿಸಿತು.

ಮೊನ್ನೆ ಭಾನುವಾರ ಅವನ ನಿಶ್ಚಿತಾರ್ಥ. ಹುಡುಗಿಯ ಹೆಸರು ಶ್ರೀರಂಜಿನಿ, ಪುತ್ತಿಗೆಯ ಕಡೆಯವಳು, ಪಾಪ, ಲಕ್ಷಣವಾಗಿದ್ದಾಳೆ. ಸಭಾಭವನದಲ್ಲಿ ನಾನು ಸೋದರತ್ತೆ, ಆದ್ದರಿಂದ ಎದುರು ಸಾಲಿನ ಕುರ್ಚಿ. ಹಸಿರು ಅಂಚಿನ ಸೀರೆ, ಮಡಿಲಲ್ಲಿ ಸೆರಗು, ಸೆರಗಿನ ಅಡಿಯಲ್ಲಿ ಕಮಲಳ ಫೋನು. ವೇದಿಕೆಯ ಮೇಲೆ ಅವನು ಮಣೆಯಲ್ಲಿ ಕೈ ಮುಗಿದು ಕುಳಿತಿದ್ದ. ಆಟದಲ್ಲಿ ಅವನ ಆಳು ಕೋಟೆಯ ಒಳಕೋಣೆಯಲ್ಲಿ ನಿದ್ದೆ ಮಾಡುತ್ತಿತ್ತು.

ಮೊದಲು ಅವನ ಕಬ್ಬಿಣದ ಪೆಟ್ಟಿಗೆ ತೆರೆದೆ. ಕಮಲಳ ಚೀನಿಕಾಯಿ ಬೀಜ ಅಲ್ಲಿತ್ತು, ಸುಡುವ ಮೊದಲು ಕಿತ್ತು ತಂದದ್ದು. ಅದನ್ನು ತೆಗೆದುಕೊಂಡೆ. ಉಳಿದದ್ದು ನನಗೆ ಬೇಡ. ಎಲ್ಲ ಬಾಗಿಲಿನ ಬೀಗ ತೆಗೆದು ಹಾಕಿ, ಕಡಲ ತೀರದ ಹೊಸಬರಿಗೆಲ್ಲ ಕಾಣುವ ಹಾಗೆ ಬರೆದೆ: 'ಪ್ರವೀತನ ಕೋಟೆ ತೆರೆದುಂಟು. ಹಸಿದವರೆಲ್ಲ ಬನ್ನಿ. ನಾಚಿಕೆ ಬೇಡ.' ಬಂದರು ನೋಡು! ಕಲ್ಲು ಹಿಡಿದುಕೊಂಡು, ಅರೆಬೆತ್ತಲೆ, ಸಂತೆಗೆ ಬಂದ ಹಾಗೆ. ಕೋವಿ, ಕಬ್ಬಿಣ, ಮಾಂಸ, ಮಂಚವನ್ನೂ ಬಿಡಲಿಲ್ಲ.

ವೇದಿಕೆಯ ಮೇಲೆ ಅವನ ಕಿಸೆಯಲ್ಲಿ ಫೋನು ಗುಂಯ್ ಗುಂಯ್ ಎನ್ನತೊಡಗಿತು. ಆಚೆ ಕಂಬಕ್ಕೆ ಒರಗಿದ್ದ ಭವಿತ ತನ್ನ ಫೋನು ನೋಡಿ ಬಾಯಿ ತೆರೆದ, ಕಣ್ಣು ಬಾಯಿ ಕೈ ಎಲ್ಲ ಮಾಡಿ ತೋರಿಸಿದ. ಪ್ರವೀತನ ಹಣೆಯಲ್ಲಿ ನೀರು ಇಳಿಯಿತು. ಅಷ್ಟರಲ್ಲಿ ಶಾಸ್ತ್ರ ನಡೆಸುತ್ತಿದ್ದ ನಮ್ಮ ಗುರಿಕಾರರು, "ಸೋದರತ್ತೆ ಬರ್ಲಿ, ಹುಡುಗನಿಗೆ ತಿಲಕ ಇಡ್ಲಿ" ಎಂದು ಕರೆದರು. ಫೋನು ಸೊಂಟಕ್ಕೆ ಸಿಕ್ಕಿಸಿ ಹೋದೆ. ತಿಲಕ ಇಡುವಾಗ ಅವನು ಪಿಸುಗುಟ್ಟಿದ, "ಅತ್ತೇ, ಒಂದು ನಿಮಿಷ ಏಳ್ತೇನೆ ಅಂತ ಹೇಳಿ ಅವರಿಗೆ. ನನ್ನದು ಎಲ್ಲ ಹೋಗ್ತಾ ಉಂಟು." ನಾನು ಅಕ್ಷತೆ ಹಾಕಿ, "ಮಣೆಯಿಂದ ಈಗ ಏಳ್ಲಿಕ್ಕಿಲ್ಲ ಮಗಾ. ನಗು, ಫೋಟೋ ತೆಗಿತಾರೆ" ಎಂದೆ. ಆ ಫೋಟೋ ಬಂದ ಮೇಲೆ ನಿನಗೆ ಕಳಿಸುತ್ತೇನೆ. ಕನ್ನಡಕ ಹಾಕಿ ನೋಡು.

ಊಟದ ಎಲೆ ಹಾಕುವಷ್ಟರಲ್ಲಿ ಕೋಟೆಗೆ ಬೆಂಕಿಯೂ ಬಿದ್ದು, ಅಲ್ಲಿ ಬೂದಿ ಬಿಟ್ಟು ಏನೂ ಇರಲಿಲ್ಲ. ಮಲಗಿದ್ದ ಅವನ ಆಳನ್ನು ಬಂದವರಲ್ಲಿ ಯಾರೋ ಮುಗಿಸಿದರು.

ನಿನ್ನೆ ಅವನು ನನ್ನ ಜಗಲಿಗೆ ಬಂದು ಕುಳಿತ. ಮುಖ ಊದಿತ್ತು. "ಅತ್ತೇ, ಅನ್ನ ಕೊಟ್ಟು ಸಾಕಿದವ ಹೀಗೆ ಮಾಡಿದ. ಅದೂ ನಿಶ್ಚಯದ ದಿನ. ಮಲಗಿದವನನ್ನು ಕೊಲ್ಲುದು ಎಲ್ಲಿಯ ನ್ಯಾಯ?" ಎಂದ. ನಾನು ಹುರುಳಿ ಆರಿಸುತ್ತಾ ಕುಳಿತೆ. ಅವನು ಆಡಿದ ಮಾತು ಅವನ ಕಿವಿಗೇ ಬಿತ್ತೋ ಏನೋ, ನನ್ನ ಗೆರಸೆಯಿಂದ ಒಂದು ಕಾಳು ಎತ್ತಿ ತಿರುಗಿಸಿ ನೋಡಿದ. ಮತ್ತೆ, "ನಮಿತ ನನ್ನ ಫೋನು ಎತ್ತಬಹುದಾ?" ಎಂದು ಕೇಳಿದ. ಮಾಡಿ ನೋಡು ಎಂದೆ.

ಮಾಡುತ್ತಾನೆ. ಕೂಡಲೇ ಎತ್ತಬೇಡ, ಬಡಕೊಳ್ಳಲಿ. ಎತ್ತಿದ ಮೇಲೆ ಕ್ಷಮಿಸುವುದು ಬಿಡುವುದು ನಿನ್ನ ಇಷ್ಟ, ನನ್ನ ಒತ್ತಾಯವಿಲ್ಲ. ನನ್ನ ಕೆಲಸ ಮುಗಿಯಿತು. ಆಟ ಬಿಟ್ಟಿದ್ದೇನೆ, ಫೋನನ್ನು ಕಮಲಳ ಸೀರೆಗಳ ನಡುವೆ ಇಟ್ಟಾಯಿತು. ಬೀಜ ಮಾತ್ರ ಆ ಗುಡ್ಡದ ಬುಡದಲ್ಲಿ ಹೂತಿದ್ದೇನೆ, ನೀನೇ ಬಂದು ನೀರು ಹಾಕು.

ಹೊತ್ತಿಗೆ ಸರಿಯಾಗಿ ಉಣ್ಣುತ್ತಾ ಇರು. ಅಳಿಯನಿಗೆ ಹಪ್ಪಳ ತೆಂಗಿನ ಎಣ್ಣೆಯಲ್ಲೇ ಕರಿದು ಕೊಡು.

ನಿನ್ನ ಮೇಲೆ ಜೀವ ಇಟ್ಟಿರುವ,
ದೊಡ್ಡಮ್ಮ ತುಂಗಾ

ತಾ.ಕ.: ಯಶ್ಮಿತಾ ಹೊರಡಲು ಇನ್ನೂ ಸ್ವಲ್ಪ ಹೊತ್ತು ಉಂಟು, ಆದ್ದರಿಂದ ನಿಜ ಬರೆಯುತ್ತೇನೆ. ಪ್ರವೀತನ ಆಳನ್ನು ಮುಗಿಸಿದ್ದು ಹೊಸಬರಲ್ಲ. ಅಕ್ಷತೆ ಹಾಕಿ ಬಂದು ಕುರ್ಚಿಯಲ್ಲಿ ಕುಳಿತು ನಾನೇ ಹೊಡೆದೆ. ಆಟ ಬಿಟ್ಟೆ ಎಂದದ್ದೂ ಸುಳ್ಳು. ಕಮಲ ಹೋದಂದಿನಿಂದ ನಾನು ಅತ್ತಿಲ್ಲ, ನೀನು ಗಮನಿಸಿದ್ದೆಯೋ ಇಲ್ಲವೋ. ಈ ಸಿಟ್ಟು ಮುಗಿದರೆ ಆಮೇಲೆ ಅಳಬೇಕಾಗುತ್ತದೆ, ಅದು ಸದ್ಯಕ್ಕೆ ಬೇಡ. ಭವಿತನ ಹೊಸ ಮನೆಯ ಒಕ್ಕಲು ಮುಂದಿನ ತಿಂಗಳು, ಕರೆಯೋಲೆ ಕೊಟ್ಟು ಹೋಗಿದ್ದಾನೆ. ಇವತ್ತು ಬೆಳಿಗ್ಗೆ ಅವನ ಕೋಟೆಯ ಗೇಟಿಗೆ 'ಅಮ್ಮಣಿ' ಎಂಬ ಹೊಸಬಳೊಬ್ಬಳು ಬಂದಿದ್ದಾಳೆ. "ಅಡಿಗೆ ಬರ್ತದಾ ನಿಂಗೆ?" ಎಂದು ಕೇಳಿದ. ಸ್ವಲ್ಪ ಸ್ವಲ್ಪ ಬರ್ತದೆ ಎಂದು ಬರೆದೆ.