ನಾಣಿಯ ಚಪ್ಪಲಿ, ಜಾಲಿಯ ಕನ್ನಡ

ನನ್ನ ಮಹಡಿಯ ಮೇಲಿದ್ದು, ಈಗ ಅದಕ್ಕೂ ಮೇಲಕ್ಕೆ ಮನೆ ಬದಲಾಯಿಸಿರುವ ಗೆಳೆಯ ನಾಣಿಗೆ,

ಮೊದಲು ತಪ್ಪೊಪ್ಪಿಗೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸಿ ತಲೆ ನರೆಸಿಕೊಂಡ, ಸ್ಟಾಫ್ ರೂಮಿನಲ್ಲಿ ಒಬ್ಬರ ಪೆನ್ನನ್ನೂ ಮರೆತು ಜೇಬಿಗಿಳಿಸದ ನಾನು, ಜೆ.ಪಿ. ನಗರದ ನನ್ನ ಸ್ವಂತ ಮನೆಯಲ್ಲಿ, ಹಾಡುಹಗಲಿನಲ್ಲಿ, ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ ಒಂದು ಜೊತೆ ಚಪ್ಪಲಿ ಕದ್ದಿದ್ದೇನೆ. ಕಂದು ಬಣ್ಣದ್ದು. ಎಡಗಾಲಿನ ಪಟ್ಟಿಗೆ ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಹಾಕಿಸಿದ್ದು. ಗುರುತು ಸಿಕ್ಕಿರಬೇಕಲ್ಲ? ಹೌದು, ನಿನ್ನದೇ. ದೇವಸ್ಥಾನದ ಮುಂದೆ, ಕಲ್ಯಾಣ ಮಂಟಪದ ಮುಂದೆ ಬದುಕಿರುವವರ ಚಪ್ಪಲಿ ಕದಿಯುವವರು ಬೇಕಾದಷ್ಟು ಜನ ಇದ್ದಾರೆ. ಹೋದವನ ಚಪ್ಪಲಿ ಹೊತ್ತವನು ಈ ಬಡಾವಣೆಯಲ್ಲಿ ನಾನೇ ಮೊದಲಿಗನಿರಬೇಕು. ನಿನ್ನ ತಂಗಿ ವಸಂತಾ ಅದನ್ನು ಹಳೇ ಬಟ್ಟೆಗಳ ಜೊತೆ ಚೀಲಕ್ಕೆ ತುಂಬಿ ಯಾರಿಗೋ ಕೊಡಲು ಇಟ್ಟಿದ್ದಳು. ಈಗ ನನ್ನ ಮಂಚದ ಕೆಳಗಿದೆ. ಯಾಕೆ ಕದ್ದೆ ಎನ್ನುತ್ತೀಯಾ? ನಿನ್ನ ಬೆಕ್ಕಿಗಾಗಿ. ನಾವಿಬ್ಬರೂ ಮುಗಿಸದೆ ಬಿಟ್ಟ ಆ ವಾದಕ್ಕಾಗಿ ಅಂತಲೂ ಅನ್ನು. ಅದರಲ್ಲಿ ನಾನು ಗೆದ್ದಿದ್ದೇನೆ ಎಂಬುದೇ ಈ ಪತ್ರದ ಮುಖ್ಯ ಸುದ್ದಿ.

ನೀನು ಜರಗನಹಳ್ಳಿಯ ಯಾವುದೋ ಓಣಿಯಿಂದ, ಮಡಿಸಿದ ಕೊಡೆಯೊಳಗೆ ಮರಿಯನ್ನು ಹಾಕಿಕೊಂಡು ಬಂದ ಸಂಜೆ ನೆನಪಿದೆಯೇ? ಬ್ಯಾಂಕಿನಿಂದ ನಿವೃತ್ತನಾದ ಬ್ರಹ್ಮಚಾರಿ ನೀನು, ನನ್ನ ಮಹಡಿಗೆ ಬಾಡಿಗೆಗೆ ಬಂದು ಬೀಗರ ಹಾಗೆ ಇದ್ದವನು. ಗೇಟಿನಲ್ಲೇ ನಿಂತು ಕೊಡೆ ಬಿಚ್ಚಿದೆ. ಬೂದು ಬಣ್ಣದ ಒಂದು ಮುಷ್ಟಿ ಕೋಪ ಹೊರಗೆ ಬಿತ್ತು.

"ಏನಯ್ಯಾ ಇದು?"

"ಮಾರ್ಜಾಲ."

"ಅದು ಕಾಣಿಸ್ತಿದೆ. ಹೆಸರೇನು?"

"ಅದೇ. ಮುಂದಿನ 'ಮಾರ್' ಕಿತ್ತಾಕು. ಹೆಣ್ಣು ಅಂತ ಕೊನೇಲಿ ಒಂದು ಗುಡಿಸು ಕೊಡು. ಜಾಲಿ."

ಆವತ್ತೇ ಅವಳು ನನ್ನ ಮೊಣಕಾಲು ಪರಚಿದಳು. ಹೆಸರಿನಲ್ಲಿ ಇಂಗ್ಲಿಷಿನ ಉಲ್ಲಾಸ, ಉಗುರಿನಲ್ಲಿ ಅಚ್ಚಗನ್ನಡದ ಮುಳ್ಳು.

ವಾದ ಶುರುವಾದದ್ದು ಟೆರೇಸಿನಲ್ಲಿ, ನಮ್ಮ ಮನೆಯವಳ ಸಂಡಿಗೆಗೆ ನೀನು ಕಾವಲು ಕೂತಿದ್ದಾಗ. ಜಾಲಿ ಬಂದು ಮೂಸಿದಳು. ನೀನು ಜೇನು ಸುರಿಯುವ ದನಿಯಲ್ಲಿ, "ಬಂಗಾರಿ, ಅದನ್ನ ಮುಟ್ಟಬೇಡಮ್ಮ, ಅತ್ತಿಗೆ ಬೈತಾರೆ" ಎಂದೆ. ಅವಳು ಹಿಂದೆ ಸರಿದು ಕೂತಳು. ನಿನ್ನ ಮುಖ ನೋಡಬೇಕಿತ್ತು! ಮಗು ಮೊದಲ ರ‍್ಯಾಂಕ್ ತಂದ ಅಪ್ಪನ ಮುಖ.

"ನೋಡಿದ್ಯಾ? ನಾನು ಹೇಳೋದೆಲ್ಲ ಅರ್ಥ ಆಗತ್ತೆ ಅವಳಿಗೆ."

"ಬೂದುಗುಂಬಳದ ಸಂಡಿಗೆ ಯಾವ ಬೆಕ್ಕೂ ತಿನ್ನಲ್ಲ ಕಣಯ್ಯಾ. ಇದು ವಿಧೇಯತೆ ಅಲ್ಲ, ನಾಲಿಗೆ ರುಚಿ."

ಮಾರನೆಯ ದಿನ ನಾನು ಪ್ರಯೋಗ ಮಾಡಿ ತೋರಿಸಿದೆ. ನಿನ್ನದೇ ಜೇನುದನಿಯಲ್ಲಿ, "ಬಾಮ್ಮ, ನೀರಿನ ಬಿಲ್ ಕಟ್ಟಕ್ಕೆ ಇವತ್ತೇ ಕೊನೇ ದಿನ" ಎಂದೆ. ಜಾಲಿ ಓಡಿ ಬಂದು ನನ್ನ ಕಾಲಿಗೆ ಮೈಯುಜ್ಜಿದಳು. ಅವಳಿಗೆ ತಿಳಿಯುವುದು ದನಿ, ಮಾತಲ್ಲ ಎಂದು ನಾನು ಘೋಷಿಸಿದೆ. ನೀನು ಕಣ್ಣೂ ಮಿಟುಕಿಸದೆ, "ಬಿಲ್ ವಿಷಯ ಕೇಳಿ ಪಾಪ, ನಿನಗೆ ಸಮಾಧಾನ ಹೇಳಕ್ಕೆ ಬಂದ್ಲು" ಎಂದೆ. ಹೆಸರು ಹಿಡಿದು ಕೂಗಿದರೆ ಅವಳು ತಲೆ ತಿರುಗಿಸುತ್ತಿರಲಿಲ್ಲ. ಒಂದು ಕಿವಿ ಮಾತ್ರ ನಮ್ಮ ಕಡೆ ವಾಲುತ್ತಿತ್ತು. ಅದಕ್ಕೂ ನಿನ್ನ ಹತ್ತಿರ ಉತ್ತರ ಇತ್ತು: "ಕೇಳಿಸ್ತು. ಬರಬೇಕು ಅನ್ನಿಸ್ಲಿಲ್ಲ. ನಿನ್ನ ಕ್ಲಾಸಿನ ಹುಡುಗರ ಥರ." ನಾನು ಬೆಕ್ಕಸ ಬೆರಗಾಗುತ್ತಿದ್ದೆ. ಬೆಕ್ಕಿನ ಬಗ್ಗೆಯಲ್ಲ, ಇಂಥವನ ಕೈಗೆ ಜನ ಅಷ್ಟು ವರ್ಷ ತಮ್ಮ ದುಡ್ಡು ಹೇಗೆ ಕೊಟ್ಟಿದ್ದರು ಎಂದು.

ಇನ್ನು ಬೆಳಿಗ್ಗೆ ಮಿನಿ ಫಾರೆಸ್ಟಿಗೆ ವಾಕಿಂಗ್ ಹೊರಡುವಾಗಿನ ನಾಟಕ. ನೀನು ಮಹಡಿಯ ಮೇಲೆ ಕಂದು ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು, ಇನ್ನೇನು ನೆಲಕ್ಕೆ ಕಾಲಿಡಬೇಕು, ಅಷ್ಟರಲ್ಲಿ ದಾಸವಾಳದ ಕುಂಡದ ಮರೆಯಿಂದ ಜಾಲಿ ಹೊರಟು, ನಿನ್ನ ಮುಂದೆಯೇ, ಬಾಲ ಎತ್ತಿಕೊಂಡು, ಮದುವೆ ಮನೆ ಯಜಮಾನಿಯ ಹಾಗೆ ಅಡ್ಡ ಹಾಯುತ್ತಿದ್ದಳು. ನೀನು ತಿರುಗಿ ಮೇಲೆ ಹೋಗುತ್ತಿದ್ದೆ. ಬೆಕ್ಕು ಅಡ್ಡ ಬಂದರೆ ಹಿಂದಿರುಗಿ, ಒಳಗೆ ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು ಎಂಬುದು ನಿಮ್ಮಮ್ಮ ಹೇಳಿಕೊಟ್ಟದ್ದು. ಅಡ್ಡ ಬಂದ ಬೆಕ್ಕಿಗೂ ಒಂದು ಬಟ್ಟಲು ಹಾಲಿಡಬೇಕು ಎಂಬುದು ನಿನ್ನ ಸ್ವಂತ ತಿದ್ದುಪಡಿ. ನಾನು ಗೇಟಿನಲ್ಲಿ ಗಡಿಯಾರ ನೋಡಿಕೊಂಡು ನಿಂತಿರುತ್ತಿದ್ದೆ.

"ಮೂಢನಂಬಿಕೆಗೆ ಹಾಲೆರೀತೀಯಲ್ಲೋ!"

"ಹಾಲು ಬೆಕ್ಕಿಗೆ. ನಂಬಿಕೆಗೆ ಬರೀ ನೀರು."

"ಎಲ್ಲ ಅರ್ಥ ಆಗತ್ತಲ್ಲ ನಿನ್ನ ಬಂಗಾರಿಗೆ, ಅಡ್ಡ ಬರಬೇಡ ಅಂತ ಹೇಳು ಮತ್ತೆ."

"ಹೇಳಿದೀನಿ. ಅರ್ಥ ಆಗಿದೆ. ಅದಕ್ಕೇ ಬರ್ತಾಳೆ."

ಒಂದು ದಿನ ನೀನು ಪೇಪರ್ ತೆಗೆದುಕೊಳ್ಳಲು ಬರಿಗಾಲಲ್ಲಿ ಇಳಿದು ಬಂದಾಗ ನನ್ನ ತಲೆಯಲ್ಲಿ ದೀಪ ಹತ್ತಿತು. ಜಾಲಿ ಕುಂಡದ ಪಕ್ಕದಲ್ಲೇ ಇದ್ದಳು, ಅಲ್ಲಾಡಲಿಲ್ಲ. ಆಮೇಲೆ ಗಮನಿಸುತ್ತಾ ಹೋದೆ. ಕಾಲಿನಲ್ಲಿ ಚಪ್ಪಲಿ ಇದ್ದರೆ ಅಡ್ಡ, ಇಲ್ಲದಿದ್ದರೆ ಇಲ್ಲ. ಚಪ್ಪಲಿ ಎಂದರೆ ನೀನು ಹೊರಡುತ್ತೀಯ. ಅಡ್ಡ ಬಂದರೆ ವಾಪಸು ಬಂದು ಕೂರುತ್ತೀಯ, ಹಾಲೂ ಸಿಗುತ್ತದೆ. ಅವಳಿಗೆ ಕನ್ನಡ ಬರುತ್ತಿರಲಿಲ್ಲ ನಾಣಿ, ನಮ್ಮ ಸಂಪ್ರದಾಯ ಬರುತ್ತಿತ್ತು! ನನಗೆ ಮಾತ್ರ ಅವಳು ಎಂದೂ ಅಡ್ಡ ಬರಲಿಲ್ಲ. ಹಿಂದಿರುಗುವ ಪೈಕಿಯಲ್ಲ ಇವನು ಎಂದು ತೀರ್ಮಾನ ಮಾಡಿದ್ದಿರಬೇಕು. ಈ ಚಪ್ಪಲಿ ಸಿದ್ಧಾಂತವನ್ನು ನಿನಗೆ ವಿವರಿಸಿದಾಗ ನೀನು ಅವಳ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ, ಏನಂತಾನೆ ಇವನು?" ಎಂದೆ. ಅಲ್ಲಪ್ಪಾ, ಇಂಥವನ ಜೊತೆ ಯಾರಾದರೂ ವಾದ ಮಾಡುವುದು ಹೇಗೆ?

ಕೊನೆಯ ಸಲ, ಆಸ್ಪತ್ರೆಗೆ ಹೊರಟಾಗ, ನೀನು ಆ ಮೆಟ್ಟಿಲಿಳಿದದ್ದು ನಿನ್ನ ಕಾಲಿನ ಮೇಲಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಆ ಕಡೆ ಆಟೋದವನು, ಈ ಕಡೆ ನಾನು ಹಿಡಿದುಕೊಂಡಿದ್ದೆವು. ಜಾಲಿ ಕುಂಡದ ಪಕ್ಕ ಕೂತು ನೋಡುತ್ತಿದ್ದಳು.

"ಇವತ್ತು ಅಡ್ಡ ಬರಲಿಲ್ಲ ನೋಡೋ ರಾಮು."

"ಕಾಲಲ್ಲಿ ಚಪ್ಪಲಿ ಇಲ್ಲವಲ್ಲಯ್ಯಾ, ಅದಕ್ಕೆ."

"ಹೌದಲ್ಲ. ಹೋಗಿ ತಗೊಂಬಾ ಹಾಗಾದ್ರೆ."

ನೀನು ತಮಾಷೆಗೆ ಹೇಳಿದೆ ಎಂದುಕೊಂಡೆ. ಆಟೋದವನು ಗಾಡಿ ಸ್ಟಾರ್ಟ್ ಮಾಡಿದ್ದ. ನಾನು ತರಲಿಲ್ಲ. ತಂದಿದ್ದರೆ… ಬಿಡು. ತರ್ಕಶಾಸ್ತ್ರದಲ್ಲಿ 'ಇದ್ದಿದ್ದರೆ' ಎಂಬುದಕ್ಕೆ ಒಂದು ಅಧ್ಯಾಯವೇ ಇದೆ. ಈ ಉದಾಹರಣೆ ಅದರಲ್ಲಿ ಬರುವುದಿಲ್ಲ.

ನಿನ್ನ ಕಾರ್ಯಗಳೆಲ್ಲ ಮುಗಿದ ಮೇಲೆ ವಸಂತಾ ಬಸವನಗುಡಿಯಿಂದ ಬಂದು ಮಹಡಿ ಖಾಲಿ ಮಾಡತೊಡಗಿದಳು. ಜಾಲಿ ನಿನ್ನ ಬೆತ್ತದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

"ರಾಮಣ್ಣ, ಇವಳನ್ನ ಏನ್ಮಾಡೋದು? ನಮ್ಮನೇಲಿ ನಾಯಿ ಇದೆ. ನೀವು ಇಟ್ಕೋತೀರಾ?"

ಎಂಥ ಸುಲಭದ ಪ್ರಶ್ನೆ ನೋಡು. 'ಹ್ಞೂಂ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇಷ್ಟು ವರ್ಷ, ಅದೂ ವಸಂತಾಳ ಮುಂದೆಯೇ, ಬೆಕ್ಕು ಎಂದರೆ ಕೂದಲು ಬೆಳೆದ ಹೊಟ್ಟೆ ಎಂದು ಭಾಷಣ ಮಾಡಿದವನಲ್ಲವೇ ನಾನು?

"ನಾನಾ? ಬೆಕ್ಕನ್ನಾ?" ಎಂದು ನಕ್ಕುಬಿಟ್ಟೆ.

"ಅದೇ ಅಂದ್ಕೊಂಡೆ. ನಮ್ಮ ಬಿಟಿಎಂ ಮನೇಲಿ ಬಾಡಿಗೆಗಿದಾರಲ್ಲ, ಬಸವರಾಜು ಅಂತ, ರಾಯಚೂರು ಕಡೆಯವರು. ಬೊಮ್ಮನಹಳ್ಳೀಲಿ ಅಕ್ಕಿ ಗೋಡೌನ್ ಇಟ್ಟಿದಾರೆ. ಇಲಿ ಕಾಟವಂತೆ. ಹೊಸ ಗಾಡಿ ತಗೊಂಡಿದಾರೆ, ಭಾನುವಾರ ಪೂಜೆ ಮುಗಿಸ್ಕೊಂಡು ಅದರಲ್ಲೇ ಬಂದು ಕರ್ಕೊಂಡ್ಹೋಗ್ತಾರೆ."

"ಒಳ್ಳೇದಾಯ್ತು, ಕಳಿಸು," ಎಂದೆ. ಜಾಲಿಯ ಒಂದು ಕಿವಿ ನನ್ನ ಕಡೆ ವಾಲಿತು. ನಾಣಿ, ಅವಳು ನಿನ್ನ ಮೊಸರನ್ನ ತಿಂದು ಬೆಳೆದವಳು. ಇಲಿ ಕಂಡರೆ ನಿನ್ನನ್ನು ಕರೆಯುತ್ತಿದ್ದವಳು. ಅವಳನ್ನು ಹೊಸೂರು ರಸ್ತೆಯ ಲಾರಿಗಳ ನಡುವೆ, ಮೂಟೆಗಳ ಮಧ್ಯೆ… ನನಗೇನು ಎಂದುಕೊಂಡು ಕೆಳಗಿಳಿದು ಬಂದೆ. ಊಟ ಸೇರಲಿಲ್ಲ. ಆಗ ಯೋಚನೆ ಬಂತು: ಪೂಜೆ ಮುಗಿಸಿಕೊಂಡು ಹೊಸ ಗಾಡಿಯಲ್ಲಿ ಬರುವ ಮನುಷ್ಯ, ಬೆಕ್ಕು ಅಡ್ಡ ಬಂದರೆ ಸುಮ್ಮನಿರುತ್ತಾನೆಯೇ? ಹೀಗೆ ಅಡ್ಡದಾರಿ ಹಿಡಿದು ಮೇಲೆ ಹೋಗಿ, ವಸಂತಾಳ ಚೀಲಕ್ಕೆ ಕೈಹಾಕಿದೆ.

ಭಾನುವಾರ ಬಸವರಾಜು ಬಂದಾಗ ಗಾಡಿಯ ಹಾರ ಇನ್ನೂ ಬಾಡಿರಲಿಲ್ಲ. ಚಕ್ರಕ್ಕೆ ಅಪ್ಪಚ್ಚಿಯಾದ ನಿಂಬೆಹಣ್ಣಿನ ಸಿಪ್ಪೆ ಅಂಟಿಕೊಂಡಿತ್ತು. ಹಣೆ ತುಂಬ ವಿಭೂತಿ, ಮುಖ ತುಂಬ ನಗು, ಒಳ್ಳೆಯ ಮನುಷ್ಯ. ವಸಂತಾ ಅಂಗಳದಲ್ಲಿ ನಿಂತು ಅವರನ್ನು ಕರೆಯುತ್ತಿದ್ದಳು. "ಬೆಕ್ಕನ್ನ ನಾನು ತರ್ತೀನಿ" ಎಂದು ನಾನು ಅದಕ್ಕೆ ಮೊದಲೇ ಮಹಡಿ ಹತ್ತಿದ್ದೆ. ಪಂಚೆಯೊಳಗೆ ಬಚ್ಚಿಟ್ಟಿದ್ದ ಚಪ್ಪಲಿಯನ್ನು ನಿನ್ನ ಬಾಗಿಲಲ್ಲಿ ಕೆಳಗಿಟ್ಟೆ. ಬಸವರಾಜು ಗೇಟಿನೊಳಗೆ ಹೆಜ್ಜೆ ಇಟ್ಟರು. ಜಾಲಿ ಬಾಣದ ಹಾಗೆ ಮೆಟ್ಟಿಲಿಳಿದು, ದಾಸವಾಳದ ಕುಂಡದಿಂದ ಮೀಟರ್ ಪೆಟ್ಟಿಗೆಯವರೆಗೆ, ಬಾಲ ಎತ್ತಿಕೊಂಡು, ಅವರ ಮುಂದೆಯೇ ಹಾದುಹೋದಳು. ಬಸವರಾಜು ಎತ್ತಿದ ಕಾಲನ್ನು ಎತ್ತಿದ ಹಾಗೇ ಹಿಡಿದುಕೊಂಡರು.

"ಯಕ್ಕಾ, ಅಡ್ಡ ಬಂತಲ್ರೀ!"

"ಅಯ್ಯೋ, ಅದನ್ನೇ ರೀ ನಿಮಗೆ ಕೊಡ್ತಿರೋದು."

"ಇದನ್ನಾ? ಬ್ಯಾಡ್ರೀ ಯಕ್ಕಾ! ಕಾಲಿಡೂದ್ರಾಗ ಅಡ್ಡ ಬರ್ತದ. ದಿನಾ ಗೋಡೌನ್ ಬಾಗಲ್ದಾಗ ಹಿಂಗ ಮಾಡಿದ್ರ ನನ್ನ ಗಾಡಿ ಹೊರಡೂದು ಯಾವಾಗ? ಇಲಿನಾದ್ರೂ ತಡಕೋತೀನಿ."

ಅವರು ನಮ್ಮ ವರಾಂಡದಲ್ಲಿ ಕೂತು ಕ್ರಮಪ್ರಕಾರ ಒಂದು ಲೋಟ ನೀರು ಕುಡಿದರು. ಜಾಲಿ ಬಂದು ಅವರ ಎದುರು ಕೂತು ನೆಟ್ಟ ನೋಟದಿಂದ ನೋಡತೊಡಗಿದಳು.

"ಏನ್ ನೋಡ್ತದ್ರೀ ಇದು, ಸಾಲ ಕೊಟ್ಟವರಂಗ?"

"ನೀರು ನಿಮಗೆ, ಹಾಲು ಅವಳಿಗೆ. ಈ ಮನೆ ಪದ್ಧತಿ," ಎಂದೆ. ಪಾಪ, ತಮ್ಮ ಕೈಯಾರೆ ಬಟ್ಟಲಿಗೆ ಹಾಲು ಹಾಕಿ ಹೋದರು.

ವಸಂತಾ ನನ್ನನ್ನೇ ನೋಡಿದಳು. "ಇನ್ನೇನ್ಮಾಡೋದು ರಾಮಣ್ಣ? ಬೇರೆ ಯಾರಾದ್ರೂ ಸಿಗೋ ತನಕ…"

"ಸಿಗೋ ತನಕ ಇರ್ಲಿ ಬಿಡು," ಎಂದು ಮಹಾತ್ಯಾಗಿಯ ಹಾಗೆ ನಿಟ್ಟುಸಿರಿಟ್ಟೆ. ಅಡುಗೆಮನೆಯಿಂದ ನಮ್ಮ ಮನೆಯವಳು ಕೆಮ್ಮಿದಳು. ಅವಳ ಜೊತೆ ನಾನು ವಾದ ಮಾಡುವುದಿಲ್ಲ, ನಿನಗೇ ಗೊತ್ತು. ಯಾವಾಗಲೂ ಗೆಲ್ಲುವವರಿಗೆ ಆಟದಲ್ಲಿ ಆಸಕ್ತಿ ಇರುವುದಿಲ್ಲ.

ಮಾರನೆಯ ಬೆಳಿಗ್ಗೆ ಮಿನಿ ಫಾರೆಸ್ಟಿನ ನಮ್ಮ ಕಲ್ಲುಬೆಂಚಿನಲ್ಲಿ ಕೂತು, ವಾಕಿಂಗ್ ಮಿತ್ರರೆಲ್ಲರ ಮುಂದೆ ಚಪ್ಪಲಿ ಸಿದ್ಧಾಂತವನ್ನು ಮಂಡಿಸಿದೆ. ಬೆಕ್ಕಿಗೆ ಮಾತು ತಿಳಿಯುವುದಿಲ್ಲ, ಮೆಟ್ಟು ತಿಳಿಯುತ್ತದೆ. ನಾಣಿಯ ಚಪ್ಪಲಿ ಮೆಟ್ಟಿದೆ, ಬೆಕ್ಕು ಅಡ್ಡ ಹೋಯಿತು, ಸಾಧಿಸಿದ್ದಾಯಿತು. ಸಭೆ ತಲೆದೂಗಿತು. ಖಂಡಿಸಲು ನೀನಿರಲಿಲ್ಲ, ಬೆಂಚಿನ ನಿನ್ನ ಕಡೆಯ ತುದಿಯಲ್ಲಿ ಯಾರದೋ ನೀರಿನ ಬಾಟಲಿ ಇತ್ತು. ಜಾಲಿ ಈಗ ಕೆಳಗಿನ ಮನೆಯಲ್ಲಿದ್ದಾಳೆ, ಬೆತ್ತದ ಕುರ್ಚಿಯ ಸಮೇತ. ಇತ್ತೀಚೆಗೆ ನನಗೂ ಅಡ್ಡ ಬರುತ್ತಾಳೆ. ನಾನು ಹಿಂದಿರುಗಿ ಕೂತು ನೀರು ಕುಡಿಯುತ್ತೇನೆ. ನಂಬಿಕೆಯಿಂದಲ್ಲ, ಬಾಯಾರಿಕೆಯಿಂದ.

ಪತ್ರವನ್ನು ಇಲ್ಲಿಗೇ ಮುಗಿಸಿದ್ದರೆ ಗೆಲುವು ನನ್ನದೇ ಆಗಿ ಉಳಿಯುತ್ತಿತ್ತು. ಆದರೆ ಮಂಚದ ಕೆಳಗೆ ಆ ಚಪ್ಪಲಿ ಇದೆಯಲ್ಲ… ಇಷ್ಟು ವರ್ಷ ಪಕ್ಕದಲ್ಲಿ ನಡೆದರೂ ನಿನ್ನ ಪಾದ ಎಷ್ಟು ಚಿಕ್ಕದು ಎಂದು ನಾನು ನೋಡಿಯೇ ಇರಲಿಲ್ಲ ಕಣೋ. ಆವತ್ತು ನಿನ್ನ ಬಾಗಿಲಲ್ಲಿ ಅದನ್ನು ಮೆಟ್ಟಲು ಹೋದರೆ, ಹೆಬ್ಬೆರಳು ತೂರಿತು, ಬನಶಂಕರಿಯ ಹೊಲಿಗೆ ಚರ್ರೆಂದಿತು, ಅಷ್ಟೇ. ಕಾಲು ಒಳಗೆ ಹೋಗಲೇ ಇಲ್ಲ. ಜಾಲಿ ಕುರ್ಚಿಯ ಮೇಲಿಂದ ಮಜಾ ನೋಡುತ್ತಿದ್ದಳು. ಕೆಳಗೆ ಗೇಟಿನ ಚಿಲಕದ ಸದ್ದಾಯಿತು. ನಾನು ಬರಿಗಾಲಿನಲ್ಲಿ ಕುರ್ಚಿಯ ಮುಂದೆ ಮೊಣಕಾಲೂರಿ ಕೂತೆ. ಜೇನುದನಿಯೂ ಬರಲಿಲ್ಲ, ನನ್ನ ಒರಟು ದನಿಯೇ ಬಂತು.

"ಬಂಗಾರಿ, ವಾದ ಮಾಡಕ್ಕೆ ನಂಗೆ ಇನ್ಯಾರೂ ಉಳಿದಿಲ್ಲ ಕಣೇ. ಹೋಗಿ ಅವರಿಗೆ ಅಡ್ಡ ಬಾರಮ್ಮ."

ಒಂದು ಕಿವಿ ನನ್ನ ಕಡೆ ವಾಲಿತು. ಆಮೇಲೆ ಎದ್ದು ಹೋದಳು.

ನಿನ್ನ,
ರಾಮು