ನೀ ಹಾವ್

ರಿಫಾ, ಬಹ್ರೈನ್
೧೪ ನವೆಂಬರ್ ೨೦೨೫

ತಮ್ಮ ಹರಿನಾಥನಿಗೆ ಅಕ್ಕನ ಆಶೀರ್ವಾದಗಳು.

ಚೀನಾದಿಂದ ಬಂದು ಮೂರು ವಾರವಾಯಿತು, ನಿನ್ನ ಒಂದು ಫೋನನ್ನೂ ನಾನು ಎತ್ತಿಲ್ಲ. ನನ್ನ ಮಗಳ ಫೋನಿಗೂ ಮಾಡಿದ್ದೆಯಂತೆ. ತಡವಾದದ್ದಕ್ಕೆ ಕ್ಷಮೆ ಕೇಳಬೇಕು, ಆದರೆ ಕೇಳುವ ಮನಸ್ಸಿಲ್ಲ. ವಾಟ್ಸಾಪ್ ಮಾಡಿದರೆ ನಿನಗಿಂತ ಮೊದಲು ನಿನ್ನ ಹೆಂಡತಿ ಪಂಕಜಾಕ್ಷಿ ಓದುತ್ತಾಳೆ. ಹಾಗಾಗಿ ಕಾಗದ ಬರೆದು ನಿನ್ನ ಅಂಗಡಿಯ ಡ್ರೈವರ್ ಮೊಯಿದಿನ್ ಕೈಯಲ್ಲಿ ಕೊಟ್ಟಿದ್ದೇನೆ.

ಬೀಜಿಂಗಿನ ಅರಮನೆ ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಒಂದು ಅಂಗಳ ಮುಗಿಯಿತು ಎಂದರೆ ಇನ್ನೊಂದು ಅಂಗಳ. ನನ್ನ ಮೊಣಕಾಲು ಅಲ್ಲೇ ಸೋತಿತು. ಬಾತುಕೋಳಿಯನ್ನು ತೆಳ್ಳಗೆ ಹೆಚ್ಚಿ ನೀರುದೋಸೆಯಂಥದರಲ್ಲಿ ಸುತ್ತಿ ಕೊಟ್ಟರಲ್ಲ, ನಾನು ನಾಲ್ಕು ತಿಂದೆ. ಪಂಕಜಾಕ್ಷಿ ಅದಕ್ಕೂ ಬ್ಯಾಗಿನಿಂದ ಉಪ್ಪಿನಕಾಯಿ ತೆಗೆದು ಹಚ್ಚಿದಳು.

ಅಲ್ಲಿಯವರ ನಮಸ್ಕಾರ ‘ನೀ ಹಾವ್’ ಅಂತ. ಮೊದಲ ದಿನ ಹೋಟೆಲಿನ ಹುಡುಗಿ ನನಗೆ ಹಾಗೆಂದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಕನ್ನಡದವರ ಕಿವಿಗೆ ಅದು ಬೇರೆಯೇ ಕೇಳುತ್ತದಲ್ಲ. ಆದರೆ ಶೀಆನ್‌ನಲ್ಲಿ ಕೋಟೆ ಗೋಡೆ ಹತ್ತಿ ಇಳಿದು, ಬೆಲ್ಟಿನಷ್ಟು ಅಗಲದ ನೂಡಲ್ಸ್ ಮುಂದೆ ಕುಳಿತಿದ್ದಾಗ, ಬಡಿಸುವವಳು ತಲೆಬಾಗಿ ನನಗೆ ಅದೇ ಮಾತು ಹೇಳಿದಳು. ಬಹ್ರೈನ್‌ನಿಂದ ಒಟ್ಟಿಗೆ ಹೋದ ಹದಿನಾಲ್ಕು ಮಂದಿ, ಎಲ್ಲ ನಮ್ಮ ಕಡೆಯವರೇ, ಆ ಮೇಜಿನಲ್ಲಿದ್ದರು. ಪಂಕಜಾಕ್ಷಿ ಗಟ್ಟಿಯಾಗಿ ಹೇಳಿದಳು:

“ನೋಡಿ ಅತ್ತಿಗೆ, ನೀವು ಎಂಥವರು ಅಂತ ಚೀನಾದವರಿಗೂ ಗೊತ್ತಾಗಿದೆ ಮಾರಾಯ್ರೆ. ಅಕ್ಷಿತನ ಮದುವೆಗೆ ವಿಷ ಕಾರಿದ ಹಾವು.”

ನಿನ್ನ ಮಗನ ಕೆಲಸ ಹೋಗಿ ಐದು ತಿಂಗಳಾಯಿತು ಎಂದು ಹುಡುಗಿಯ ತಾಯಿ ವಿನಿತಾಗೆ ನಾನು ಹೇಳಿದೆ, ನಿಶ್ಚಿತಾರ್ಥ ನಿಂತಿತು. ಹೌದು, ಹೇಳಿದೆ. ಉಮ್ ಅಲ್ ಹಸ್ಸಮ್‌ನ ಅವರ ಮನೆಗೇ ಹೋಗಿ, ಚಹಾ ಕುಡಿದು ಹೇಳಿದೆ. ಮಗ ಮ್ಯಾನೇಜರ್ ಎಂದು ಸುಳ್ಳು ಹೇಳಿ ಹೆಣ್ಣು ತರಲು ಹೊರಟವಳು ಮರ್ಯಾದಸ್ಥೆ, ನಿಜ ಹೇಳಿದ ನಾನು ಹಾವು! ಚೆಂಗ್ದುವಿನಲ್ಲಿ ನೀವೆಲ್ಲ ಆ ಖಾರದ ಸಾರಿನ ಹಾಟ್‌ಪಾಟ್ ತಿನ್ನುವಾಗ ನಾನು ರೂಮಿನಲ್ಲಿ ಎರಡು ಬಾಳೆಹಣ್ಣು ತಿಂದು ಮಲಗಿದೆ. ಊಟಕ್ಕೆ ಕರೆಯಲು ಬಾಗಿಲು ತಟ್ಟಿದ್ದು ಗೈಡ್, ನೀನಲ್ಲ.

ಬರುವ ಶುಕ್ರವಾರ ನಿನಗೆ ಅರುವತ್ತು ತುಂಬುತ್ತದೆ. ಜುಫೈರ್‌ನ ಹೋಟೆಲಿನಲ್ಲಿ ಊಟ ಇಟ್ಟಿದ್ದೀರಂತೆ. ಅವಳು ಯಾರ ಎದುರು ನನ್ನನ್ನು ಹಾವು ಎಂದಳೋ ಅವರ ಎದುರೇ ತಪ್ಪಾಯಿತು ಎನ್ನಲಿ, ಬರುತ್ತೇನೆ. ಇಲ್ಲದಿದ್ದರೆ ನಿನಗೆ ಅಕ್ಕನೇ ಇರಲಿಲ್ಲ ಎಂದುಕೊಂಡು ಉಣ್ಣು.

ಅಕ್ಷಿತನಿಗೆ ಬೇಗ ಒಳ್ಳೆಯ ಕೆಲಸ ಸಿಗಲಿ. ನಿನಗೆ ಆಯುಸ್ಸು, ಆರೋಗ್ಯವಿರಲಿ. ಎಷ್ಟು ಸಿಟ್ಟಿದ್ದರೂ ಅದನ್ನು ಬೇಡದೆ ಇರಲು ನನ್ನಿಂದಾಗುವುದಿಲ್ಲ.

ಇತಿ ನಿನ್ನ ಅಕ್ಕ,
ಕುಶಲ

ವಿ.ಸೂ.: “ಅಕ್ಕಾ, ಆ ಹುಡುಗಿಗೆ ಮೋಸ ಆಗಬಾರದು. ಪಂಕಜಾಕ್ಷಿಯ ಎದುರು ನನಗೆ ಬಾಯಿ ಬರುವುದಿಲ್ಲ, ನೀನೇ ಹೋಗಿ ಹೇಳು” ಎಂದು ನನ್ನ ಅಡುಗೆಮನೆಯಲ್ಲಿ ನಿಂತು ಅತ್ತವನು ನೀನು. ಇವತ್ತಿನವರೆಗೆ ಅದನ್ನು ನಾನು ಯಾರಿಗೂ ಹೇಳಿಲ್ಲ. ಆ ಮೇಜಿನಲ್ಲಿ ನೀನು ಒಂದು ಮಾತು ಆಡುತ್ತೀಯೆಂದು ಕಾದೆ. ನೀನು ತಲೆ ಎತ್ತಿದೆ ಹರೀ, ಎಲ್ಲರ ಜೊತೆ ನಕ್ಕೆ.