ನತ್ಸುಮೆ ಮಡಚಿದ ಟವೆಲುಗಳು

ಓನಿಷಿ ಅಮ್ಮನವರಿಗೆ,

ಚಳಿ ಬಂತು, ನಿಮ್ಮ ಮಂಡಿನೋವು ಹೇಗಿದೆ?

ನಿಮ್ಮ ಮಗಳು ನತ್ಸುಮೆಗೆ ನಮ್ಮ ಪ್ರಾಂತ್ಯದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಲು ಅವಳು ಹೊಸದಾಗಿ ಬಂದಾಗ, ನ್ಯೂನತೆಯಿಂದ ಕೆಲಸ ನಿಧಾನವೆಂದು, ಕಾರ್ಮಿಕ ಕಚೇರಿಯಿಂದ ನನಗೆ ಸಿಕ್ಕಿದ್ದ ಅನುಮತಿ ಮುಗಿಯುತ್ತಿತ್ತು. ಅದಕ್ಕೇ ಮತ್ತೆ ಅರ್ಜಿ ಹಾಕಿದೆ. "ನನ್ನ ಮಗಳು ನಿಧಾನ, ಕೆಲ್ಸಕ್ಕೆ ಇಟ್ಕೊಂಡಿದ್ದೀರಲ್ಲ, ಅದೇ ದೊಡ್ಡದು" ಎಂದು ನೀವೂ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದ್ದಿರಿ.

ನಿನ್ನೆ ಕಾರ್ಮಿಕ ಅಧಿಕಾರಿ ನಮ್ಮ ಲಾಂಡ್ರಿಗೆ ಬಂದರು. ಅವಳನ್ನೂ ಪೂರ್ತಿ ಕೂಲಿ ಪಡೆಯುವ ಸೆತ್ಸುವನ್ನೂ ಅಕ್ಕಪಕ್ಕ ನಿಲ್ಲಿಸಿ, ಗಡಿಯಾರ ಹಿಡಿದು, ವಸತಿಗೃಹದ ಟವೆಲುಗಳನ್ನು ಮಡಚಿಸಿದರು. ಮೂರು ವರ್ಷ ಇಸ್ತ್ರಿ ಯಂತ್ರದ ಕಡೆಗೇ ಮುಖ ಮಾಡಿ ಕೂತಿದ್ದ ನಾನು ನಿನ್ನೆಯೇ ಮೊದಲು ತಿರುಗಿ ನೋಡಿದ್ದು. ಒಮ್ಮೆ ಮಡಚಿದ್ದನ್ನು ನತ್ಸುಮೆಯ ಕೈ ಮತ್ತೆ ಮುಟ್ಟಲಿಲ್ಲ. ಅವಳ ರಾಶಿ ಸೆತ್ಸುವಿನದನ್ನು ದಾಟಿ ಎದೆಯೆತ್ತರಕ್ಕೆ ಏರಿದರೂ ಕೂದಲೆಳೆಯಷ್ಟೂ ವಾಲಲಿಲ್ಲ. ಹೆಂಗಸರೆಲ್ಲ ಕೆಲಸ ಬಿಟ್ಟು ಸುತ್ತ ಬಂದು ನಿಂತರು. ಅಧಿಕಾರಿ ಗಡಿಯಾರ ನಿಲ್ಲಿಸುವುದನ್ನೇ ಮರೆತರು.

"ಸುಸ್ತಾಯ್ತೇನಮ್ಮ?" ಎಂದು ಕೇಳಿದರು.

"ನಿಮ್ಮ ಕೋಟು ಸುಕ್ಕಾಗಿದೆ, ಕೊಡಿ" ಎಂದಳು ನತ್ಸುಮೆ.

ಅವರು ಕೋಟು ಬಿಚ್ಚಿ ಕೊಟ್ಟು, ನನ್ನ ಕಡೆ ತಿರುಗಿ, "ಈಕೆಗೆ ಕಡಿಮೆ ಕೊಡೋಕೆ ಅನುಮತಿ ಸಿಗಲ್ಲ" ಎಂದರು.

ಅರ್ಜಿ ವಾಪಸ್ ಪಡೆದೆ. ಇನ್ನು ಅವಳಿಗೂ ಎಲ್ಲರ ಕೂಲಿಯೇ.

ಒಂದು ಕೋರಿಕೆ. ಗುರುವಾರ ಬನ್ನಿ. ನನ್ನ ಕುರ್ಚಿಯನ್ನು ಅವಳ ಮೇಜಿನ ಕಡೆ ತಿರುಗಿಸಿಕೊಂಡಿದ್ದೇನೆ. ಪಕ್ಕದಲ್ಲಿ ನಿಮಗೂ ಒಂದು ಹಾಕಿಸಿದ್ದೇನೆ.

ತಲೆಬಾಗಿ,
ಕುರಾತಾ ಮಿನೆ